ಬಿಡುವ ಹಕ್ಕಿದೆ, ಒಯ್ಯುವ ಹಕ್ಕಿಲ್ಲ

ಗೂಗಲ್, ಮೆಟಾ ಸೇವೆಗಳನ್ನು ಬಿಟ್ಟು ಖಾಸಗಿತನ ಕಾಯುವ ಬೇರೆ ಸೇವೆಗೆ ಹೋಗಬೇಕೆಂದು ಹೊರಟವರು ಮೊದಲು ಕೇಳುವುದು ಜಿಮೇಲ್‌ಗೆ ಬದಲು ಯಾವುದು, ವಾಟ್ಸ್‌ಆ್ಯಪ್‌ಗೆ ಬದಲು ಸಿಗ್ನಲ್ ಸಾಕೇ ಎಂದು. ಕಾನೂನಿನ ಕಡೆಯಿಂದ ನೋಡಿದರೆ ಮೊದಲ ಪ್ರಶ್ನೆ ಬೇರೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಯಾವ ಇಮೇಲ್ ದಾಖಲಾಗಿದೆ?

ತೆರಿಗೆ ಇಲಾಖೆಯ ನೋಟಿಸ್ ಈಗ ಅಂಚೆಯವರ ಕೈಯಲ್ಲಿ ಬರುವುದು ಅಪರೂಪ. ಅದು ಪೋರ್ಟಲ್‌ಗೆ ಮತ್ತು ನೋಂದಾಯಿತ ಇಮೇಲ್‌ಗೆ ಬರುತ್ತದೆ. ಜಿಎಸ್‌ಟಿ ಕಾಯ್ದೆಯ 169ನೇ ಕಲಂ ನೋಂದಾಯಿತ ಇಮೇಲ್‌ಗೆ ಕಳಿಸುವುದನ್ನೂ ನೋಟಿಸ್ ಜಾರಿಯ ಒಂದು ವಿಧಾನವೆಂದು ಒಪ್ಪಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಂ ಇನ್ನೂ ಖಡಕ್ಕಾಗಿದೆ: ಪತ್ರ ಪಡೆಯಲೆಂದು ನೀವೇ ಒಂದು ವಿಳಾಸ ಗೊತ್ತುಮಾಡಿ ಕೊಟ್ಟಿದ್ದರೆ, ಸಂದೇಶ ಆ ವಿಳಾಸದ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕ ಗಳಿಗೆಯೇ ಅದು ನಿಮಗೆ ತಲುಪಿದ ಗಳಿಗೆ. ತೆರೆದು ಓದಿದಿರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. 'ಆ ಜಿಮೇಲ್ ನೋಡುವುದನ್ನು ಬಿಟ್ಟು ಆರು ತಿಂಗಳಾಯಿತು ಸರ್' ಎಂದರೆ ಅಧಿಕಾರಿ ಒಳ್ಳೆಯವರಾಗಿದ್ದರೆ ಕನಿಕರ ಸಿಕ್ಕೀತು, ಅಷ್ಟೆ.

ಆದ್ದರಿಂದ ಹೊಸ ಇಮೇಲ್ ತೆಗೆದ ಮೇಲೆ ಮಾಡಬೇಕಾದ ಮೊದಲ ಕೆಲಸ ವಿಳಾಸ ಬದಲಾವಣೆ. ಆದಾಯ ತೆರಿಗೆ, ಜಿಎಸ್‌ಟಿ, ಭವಿಷ್ಯ ನಿಧಿ, ಬ್ಯಾಂಕು, ಡಿಮ್ಯಾಟ್, ವಿಮೆ, ಆಧಾರ್, ಸೇವಾ ಸಿಂಧು, ಜತೆಗೆ ಕೇಸು ನಡೆಯುತ್ತಿದ್ದರೆ ನಿಮ್ಮ ವಕೀಲರ ಕಚೇರಿ ಮತ್ತು ಕೋರ್ಟಿನ ಇ-ಫೈಲಿಂಗ್ ಖಾತೆ. ಇವೆಲ್ಲ ಮುಗಿದ ಮೇಲೂ ಒಂದು ತೆರಿಗೆ ವರ್ಷ ಪೂರ್ತಿ ಹಳೆಯ ಖಾತೆಯನ್ನು ಜೀವಂತ ಇಟ್ಟು, ಬಂದ ಪತ್ರಗಳು ಹೊಸದಕ್ಕೆ ರವಾನೆಯಾಗುವಂತೆ ಮಾಡಿ. ವರ್ಷಕ್ಕೊಮ್ಮೆ ಮಾತ್ರ ಪತ್ರ ಬರೆಯುವ ಸಂಸ್ಥೆಗಳು ನಮ್ಮ ನೆನಪಿಗೆ ಬರುವುದು ಆ ಪತ್ರ ಬಂದಾಗಲೇ.

ಎರಡನೆಯದು ಸಾಕ್ಷ್ಯ. ಕೈಸಾಲ, ಬಾಡಿಗೆ ಕರಾರು, ನಿವೇಶನದ ಮುಂಗಡ, ಗಂಡ ಹೆಂಡತಿಯ ಜಗಳ ಎಲ್ಲವೂ ಇವತ್ತು ವಾಟ್ಸ್‌ಆ್ಯಪ್‌ನಲ್ಲೇ ದಾಖಲಾಗಿರುತ್ತವೆ. ಅದರ ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಯಾವ ಉಪಕರಣ ಎಂಬ ವಿವರ ಮತ್ತು ಕಡತದ ಹ್ಯಾಶ್ ಮೌಲ್ಯವನ್ನೂ ಕಾಣಿಸಬೇಕು. ಹಳೆಯ ಫೋನನ್ನು ಫಾರ್ಮ್ಯಾಟ್ ಮಾಡಿ ಎಕ್ಸ್‌ಚೇಂಜ್‌ಗೆ ಕೊಟ್ಟ ಮೇಲೆ, ಉಳಿದಿರುವ ಸ್ಕ್ರೀನ್‌ಶಾಟ್ ಹಿಡಿದು ಇದನ್ನೆಲ್ಲ ತುಂಬುವುದು ಕಷ್ಟ. ನಿಮ್ಮ ವಿರುದ್ಧದ ಕೇಸಿನಲ್ಲಿ ಹಾಜರುಪಡಿಸಬೇಕಾದ ಸಂದೇಶಗಳನ್ನು ಅಳಿಸಿಹಾಕಿದರಂತೂ ಅದೇ ಒಂದು ಅಪರಾಧವಾಗಬಹುದು. ಕೋರ್ಟಿಗೆ ಸಿಗಬಾರದೆಂದು ವಿದ್ಯುನ್ಮಾನ ದಾಖಲೆ ನಾಶ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಖಾಸಗಿತನಕ್ಕಾಗಿ ಅಳಿಸಿದೆ ಎಂಬ ವಿವರಣೆ ನಿಜವೇ ಇರಬಹುದು. ಆದರೆ ಅದನ್ನು ಕೋರ್ಟಿನಲ್ಲಿ ನಂಬಿಸುವ ಪಾಡು ನಿಮ್ಮದು.

ಕಾಯ್ದೆ ಕೊಟ್ಟದ್ದು, ಕೊಡದೆ ಬಿಟ್ಟದ್ದು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪಿನ ಬೆನ್ನಿಗೆ ಬರಬೇಕಿದ್ದ ಕಾಯ್ದೆ ಆರು ವರ್ಷ ತೆಗೆದುಕೊಂಡಿತು: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಅದೂ ಕಂತು ಕಂತಾಗಿ. ಅಧಿಸೂಚನೆಯ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿ. ನಾಗರಿಕರಿಗೆ ನಿಜವಾಗಿ ಬೇಕಾದ ಹಕ್ಕುಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ. ಕಂಪನಿಗಳಿಗೆ ಸಿದ್ಧರಾಗಲು ಇಷ್ಟು ದೀರ್ಘ ಕಾಲ ಬೇಕಿತ್ತೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಯುರೋಪಿನಲ್ಲಿ ಇವೇ ಕಂಪನಿಗಳು ಇದಕ್ಕಿಂತ ಕಟ್ಟುನಿಟ್ಟಾದ ನಿಯಮಗಳನ್ನು 2018ರಿಂದ ಪಾಲಿಸುತ್ತಿವೆ.

ಆ ಹಕ್ಕುಗಳೇನು? ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಕೊಡುವುದು ಎಷ್ಟು ಸುಲಭವಿತ್ತೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂದು 6ನೇ ಕಲಂ ಹೇಳುತ್ತದೆ. ಒಂದು ಒತ್ತಿಗೆ 'ಒಪ್ಪಿದೆ' ಎನ್ನಿಸಿಕೊಂಡವರು, ಬಿಡುವಾಗ ಏಳು ಪುಟ ಸುತ್ತಿಸುವಂತಿಲ್ಲ. ನಿಮ್ಮ ಯಾವ ಮಾಹಿತಿ ಅವರ ಬಳಿ ಇದೆ, ಯಾರಿಗೆಲ್ಲ ಹಂಚಿದ್ದಾರೆ ಎಂದು 11ನೇ ಕಲಮಿನಡಿ ಕೇಳಬಹುದು. 12ನೇ ಕಲಮಿನಡಿ ತಿದ್ದಿಸಬಹುದು, ಅಳಿಸಿಸಬಹುದು. ಇದೆಲ್ಲದರ ಸೂಚನಾಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ಕೊಡಲೇಬೇಕು. ಈ ಒಂದನ್ನು ಕೇಳಿ ಪಡೆಯುವವರು ಹೆಚ್ಚಾದರೆ ಕಂಪನಿಗಳ ಕನ್ನಡವೂ ಸ್ವಲ್ಪ ಸುಧಾರಿಸೀತು.

ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ದೂರವೈದ್ಯ ಸೇವೆಯ ಆ್ಯಪ್ ಒಂದು ಚಿಕಿತ್ಸೆಗೆಂದು ಒಪ್ಪಿಗೆ ಪಡೆಯುವಾಗ ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳುತ್ತದೆ, ಬಳಕೆದಾರರು ಎರಡಕ್ಕೂ ಹೂಂ ಎನ್ನುತ್ತಾರೆ. ಸಂಪರ್ಕ ಪಟ್ಟಿ ಚಿಕಿತ್ಸೆಗೆ ಅಗತ್ಯವಲ್ಲ, ಹಾಗಾಗಿ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ ಎನ್ನುತ್ತದೆ ಕಾಯ್ದೆ. ಟಾರ್ಚ್ ಆ್ಯಪ್‌ಗೆ ಲೊಕೇಶನ್ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಕೊಡದೆ ಬಿಟ್ಟದ್ದು ಮುಖ್ಯವಾಗಿ ಎರಡು. 2019ರ ಮಸೂದೆಯಲ್ಲಿ ನಿಮ್ಮ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿಕೊಳ್ಳುವ ಹಕ್ಕಿತ್ತು. ಯುರೋಪಿನ ಕಾನೂನಿನ 20ನೇ ವಿಧಿಯಲ್ಲಿ ಅದು ಇವತ್ತಿಗೂ ಇದೆ. ನಮ್ಮ 2023ರ ಕಾಯ್ದೆಯಲ್ಲಿ ಅದಿಲ್ಲ. ಹತ್ತು ವರ್ಷದ ಮೇಲ್, ಫೋಟೊ, ಸಂಪರ್ಕ ಪಟ್ಟಿಗಳನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳುತ್ತೀರಲ್ಲ, ಅದು ಭಾರತದಲ್ಲಿ ಕಂಪನಿ ತಾನಾಗಿ ಕೊಟ್ಟ ಸೌಲಭ್ಯ. ಕಾಯ್ದೆಯ ಹೆಸರಿನಲ್ಲಿ ಕೇಳಿ ಪಡೆಯುವಂಥದ್ದಲ್ಲ. ಆದ್ದರಿಂದ ಅಳಿಸುವ ಕೋರಿಕೆ ಕೊಡುವ ಮೊದಲೇ ಇಳಿಸಿಕೊಳ್ಳಿ, ಇಳಿಸಿದ ಕಡತ ತೆರೆಯುತ್ತದೆಯೇ ಎಂದು ನೋಡಿ. ಕ್ರಮ ತಪ್ಪಿದರೆ ಕೇಳಲು ಯಾವ ಕಚೇರಿಯೂ ಇಲ್ಲ.

ಎರಡನೆಯದು ಪರಿಹಾರ. ಹೊಸ ಕಾಯ್ದೆಯಡಿ ಮಂಡಳಿ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಆದರೆ ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಸೋರಿ ನಷ್ಟವಾದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ, ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ರದ್ದಾಗಲಿದೆ. ಅಲ್ಲಿಯವರೆಗೆ ಪಾಸ್‌ವರ್ಡ್, ಹಣಕಾಸು, ಆರೋಗ್ಯ, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿ ಕಂಪನಿಯ ನಿರ್ಲಕ್ಷ್ಯದಿಂದ ಸೋರಿ ನಷ್ಟವಾಗಿದ್ದರೆ, ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಮುಂದೆ 5 ಕೋಟಿ ರೂಪಾಯಿವರೆಗಿನ ಪರಿಹಾರಕ್ಕೆ ಅರ್ಜಿ ಹಾಕಬಹುದು. ಈ ಬಾಗಿಲು ಇದೆಯೆಂದು ತಿಳಿದವರೇ ಕಡಿಮೆ.

ಪತ್ರ ಹೀಗಿರಲಿ

ಸೆಟ್ಟಿಂಗ್ಸ್‌ನಲ್ಲಿ ಖಾತೆ ಅಳಿಸುವ ಗುಂಡಿ ಇದ್ದರೂ ಜತೆಗೊಂದು ಪತ್ರ ಕಳಿಸಿ. ಗುಂಡಿ ಒತ್ತಿದ್ದಕ್ಕೆ ಪುರಾವೆ ನಿಲ್ಲುವುದಿಲ್ಲ, ಪತ್ರಕ್ಕೆ ನಿಲ್ಲುತ್ತದೆ. ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸವನ್ನು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಿರಲೇಬೇಕು.

'ಈ ಇಮೇಲ್ ವಿಳಾಸದಲ್ಲಿ ನೋಂದಾಯಿತವಾದ ನನ್ನ ಖಾತೆಯ ಮಾಹಿತಿಯನ್ನು ಬಳಸಲು ನಾನು ಕೊಟ್ಟಿದ್ದ ಒಪ್ಪಿಗೆಯನ್ನು ಇಂದಿನಿಂದ ಹಿಂಪಡೆದಿದ್ದೇನೆ. ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿಯ ವಿವರ ಮತ್ತು ಅದನ್ನು ಹಂಚಿಕೊಂಡ ಸಂಸ್ಥೆಗಳ ಹೆಸರು ತಿಳಿಸಿ, ನಂತರ ಅದನ್ನು ಅಳಿಸಬೇಕೆಂದು ಕೋರುತ್ತೇನೆ. ಕಾನೂನಿನ ಪ್ರಕಾರ ಉಳಿಸಿಕೊಳ್ಳಲೇಬೇಕಾದ ಮಾಹಿತಿ ಇದ್ದರೆ ಅದು ಯಾವುದು, ಯಾವ ಕಾನೂನಿನಡಿ, ಎಷ್ಟು ಕಾಲ ಎಂದು ಬರಹದಲ್ಲಿ ತಿಳಿಸಿ. ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ.'

ಕೊನೆಯ ಎರಡು ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. 2025ರ ನಿಯಮಗಳು ಕೆಲವು ದಾಖಲೆ, ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಲು ಕಂಪನಿಗಳಿಗೆ ಹೇಳುತ್ತವೆ. ಅಳಿಸಿ ಎಂದ ಮಾತ್ರಕ್ಕೆ ಎಲ್ಲವೂ ಅಂದೇ ಮಾಯವಾಗುವುದಿಲ್ಲ. ಏನು ಉಳಿಯಿತೆಂದು ತಿಳಿದಿರುವುದು ಒಳ್ಳೆಯದು. ಕನ್ನಡದ ಉತ್ತರವನ್ನು ಕಡ್ಡಾಯ ಮಾಡುವ ಮಾತು ಕಾಯ್ದೆಯಲ್ಲಿಲ್ಲ, ಕೇಳಬಾರದೆಂದೂ ಇಲ್ಲ.

ಸಾಮಾಜಿಕ ಜಾಲತಾಣ, ಮೆಸೇಜಿಂಗ್‌ನಂಥ ಮಧ್ಯವರ್ತಿ ಸಂಸ್ಥೆಗಳು 2021ರ ನಿಯಮಗಳಂತೆ 24 ಗಂಟೆಯೊಳಗೆ ದೂರಿನ ಸ್ವೀಕೃತಿ ಕೊಡಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು. ಅಧಿಕಾರಿಯ ತೀರ್ಮಾನ ಸರಿಯಿಲ್ಲವೆನಿಸಿದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು, ದೆಹಲಿಗೆ ಹೋಗಬೇಕಿಲ್ಲ. ಹೊಸ ಕಾಯ್ದೆಯ ಹಕ್ಕುಗಳು ಜಾರಿಯಾದ ಮೇಲೆ ಕಂಪನಿಗೆ ಉತ್ತರಿಸಲು ಗರಿಷ್ಠ 90 ದಿನ. ಆಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿ, ಅದರ ಮೇಲೆ 60 ದಿನದೊಳಗೆ ಟಿಡಿಸ್ಯಾಟ್ ಎಂಬ ದೂರಸಂಪರ್ಕ ಮೇಲ್ಮನವಿ ನ್ಯಾಯಮಂಡಳಿ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟವರಿಗೆ ಇದೇ ಕಾಯ್ದೆ 10,000 ರೂಪಾಯಿವರೆಗೆ ದಂಡ ಹಾಕುತ್ತದೆ. ಕಂಪನಿಯ ಮೇಲಿನ ಸಿಟ್ಟನ್ನು ದೂರಿನಲ್ಲಿ ತೋಡಿಕೊಳ್ಳುವ ಮೊದಲು ಇದು ನೆನಪಿರಲಿ.

ಫೋನಿನ ಮಾತು

ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ಲೇ ಸ್ಟೋರ್ ಬೇಕಾದರೆ ಗೂಗಲ್‌ನ ಉಳಿದ ಆ್ಯಪ್‌ಗಳನ್ನೂ ಹಾಕಲೇಬೇಕೆಂಬ ಷರತ್ತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದು ಮಾಡಿತು. ಮೊದಲೇ ತುಂಬಿ ಬಂದ ಗೂಗಲ್ ಆ್ಯಪ್‌ಗಳನ್ನು ತೆಗೆದುಹಾಕಲು ಅಡ್ಡಿ ಮಾಡಬಾರದೆಂಬುದು ಆ ನಾಲ್ಕರಲ್ಲಿ ಒಂದು. ನಮಗೆ ಹೆಚ್ಚು ಬೇಕಿದ್ದದ್ದೇ ಹೋಯಿತು. ವ್ಯಾಜ್ಯ ಈಗ ಸುಪ್ರೀಂ ಕೋರ್ಟ್ ತಲುಪಿದೆ. ಹೊಸ ಫೋನಿನಲ್ಲಿ ಹುಡುಕು ತಾಣವನ್ನು ನೀವೇ ಆರಿಸಿಕೊಳ್ಳುವ ಆಯ್ಕೆ ಆಯೋಗದ ಆ ಆದೇಶದ ಫಲ. ಅಲ್ಲಿ ಡಕ್‌ಡಕ್‌ಗೋ ಮುಂತಾದವನ್ನು ಆರಿಸಬಹುದು.

ಇನ್ನೂ ಮುಂದೆ ಹೋಗಿ ಲಿನಿಯೇಜ್ ಓಎಸ್, ಗ್ರಾಫೀನ್ ಓಎಸ್‌ನಂಥ ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳುವುದು ಅಪರಾಧವಲ್ಲ. ಫೋನ್ ನಿಮ್ಮದು. ಗ್ರಾಫೀನ್ ಓಎಸ್ ಬೇಕಾದರೆ ಗೂಗಲ್ ತಾನೇ ಮಾಡಿದ ಪಿಕ್ಸೆಲ್ ಫೋನನ್ನೇ ಕೊಳ್ಳಬೇಕಾದೀತು ಎಂಬುದು ಬೇರೆ ಕಥೆ. ವಾರಂಟಿ ಷರತ್ತನ್ನು ಮೊದಲೇ ಓದಿ. ತಂತ್ರಾಂಶ ಬದಲಿಸಿದ್ದಕ್ಕೂ ಕೆಟ್ಟುಹೋದ ಸ್ಪೀಕರಿಗೂ ಸಂಬಂಧವೇ ಇಲ್ಲದಿದ್ದರೆ, ದುರಸ್ತಿ ನಿರಾಕರಿಸಿದ ಕಂಪನಿಯ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗದಲ್ಲಿ ವಾದಿಸಲು ಜಾಗವಿದೆ ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ಮುಟ್ಟಬಾರದ್ದು ಫೋನಿನ ಗುರುತಾದ ಐಎಂಇಐ ಸಂಖ್ಯೆ. ಅದನ್ನು ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗಿನ ಸಜೆ ಅಥವಾ 50 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದಾದ ಅಪರಾಧ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ ಹುಡುಕುವವರು *#06# ಒತ್ತಿ ಸಂಖ್ಯೆ ನೋಡಿ, ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಅದು ಕಳವಾದ ಫೋನೇ ಎಂದು ತಾಳೆ ಮಾಡಿ, ಬಿಲ್ ಕೇಳಿ ಪಡೆಯಿರಿ. ಇದೇ ಸಂಚಾರ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನ್‌ಗಳಲ್ಲೂ ತುಂಬಿಯೇ ಕೊಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ಕಂಪನಿಗಳಿಗೆ ಹೇಳಿತ್ತು. ಜನ ಗಲಾಟೆ ಎಬ್ಬಿಸಿದ ಮೇಲೆ ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ಪೋರ್ಟಲ್ ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ.

ಗೂಗಲ್ ಇಲ್ಲದ ಫೋನಿನಲ್ಲಿ ಕೆಲವು ಬ್ಯಾಂಕ್ ಆ್ಯಪ್‌ಗಳು ಏಳುವುದೇ ಇಲ್ಲ. ಅಂಥ ಫೋನ್ ಬಳಸುವವರಿಗೆ ಹಣ ಕಳಿಸಲು *99# ಮತ್ತು ಯುಪಿಐ 123ಪೇ ಇವೆ. 123ಪೇ ಕೀಪ್ಯಾಡ್ ಫೋನಿನವರಿಗೆಂದು 2022ರಲ್ಲಿ ತಂದ ವ್ಯವಸ್ಥೆ, ಅದರಲ್ಲಿ 10,000 ರೂಪಾಯಿವರೆಗೆ ಕಳಿಸಬಹುದು.

ಹೊಸ ಮನೆಗೂ ಕಾನೂನು ಬರುತ್ತದೆ

ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್‌ಗೆ ಹೋದ ತಕ್ಷಣ ಎಲ್ಲ ಮುಗಿಯಿತೆಂದು ತಿಳಿಯಬೇಡಿ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ, ಸಂಸ್ಥೆಯೊಂದರ ಮಹಿಳಾ ಉದ್ಯೋಗಿಯ ಬಗ್ಗೆ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣದಲ್ಲಿ, ಪ್ರೋಟಾನ್ ಮೇಲ್ ತಡೆಹಿಡಿಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕ್ರಮ ಆರಂಭಿಸುವಂತೆ ಕೇಂದ್ರಕ್ಕೆ ಹೇಳಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದೇ ಕಲಮಿನಡಿ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆದಾಗ ಎಲಿಮೆಂಟ್, ಬ್ರೈಯರ್, ಥ್ರೀಮಾ ಅದರಲ್ಲಿದ್ದವು. ಕಿರುಕುಳಕ್ಕೊಳಗಾದವರ ನೋವು ನಿಜ. ಆದರೆ ಒಬ್ಬ ಪುಂಡನ ಕೃತ್ಯಕ್ಕೆ ಸೇವೆಯನ್ನೇ ಮುಚ್ಚಿಸಿದರೆ ಅದರಲ್ಲಿ ನಂಬಿಕೆಯಿಟ್ಟು ಪತ್ರ ಬರೆಯುವ ಉಳಿದವರ ಗತಿಯೇನು ಎಂಬ ಪ್ರಶ್ನೆಗೆ ಇಂಥ ಆದೇಶಗಳಲ್ಲಿ ಸಾಕಷ್ಟು ಜಾಗ ಸಿಕ್ಕಿಲ್ಲ.

ವಿಪಿಎನ್ ಬಳಕೆ ಸಾಮಾನ್ಯ ನಾಗರಿಕರಿಗೆ ಅಪರಾಧವಲ್ಲ. ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂಬ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನ ಇರುವುದು ಸೇವೆ ಕೊಡುವವರಿಗೆ. ಆ ಕಾರಣಕ್ಕೆ ಹಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು.

ಯಾವ ಸೇವೆಯೂ ಒಂದು ಬೆಳಗ್ಗೆ ಸಿಗದೆ ಹೋಗಬಹುದಾದ್ದರಿಂದ, ಕಾಯ್ದೆ ಕೊಡದ ಒಯ್ಯುವ ಹಕ್ಕನ್ನು ನೀವೇ ಅಷ್ಟಿಷ್ಟು ಮಾಡಿಕೊಳ್ಳಬಹುದು. ಸ್ವಂತ ಡೊಮೈನ್ ಹೆಸರು ಕೊಂಡು ಅದರಲ್ಲೇ ಇಮೇಲ್ ವಿಳಾಸ ಮಾಡಿಕೊಂಡರೆ, ನಾಳೆ ಮೇಲ್ ಕಂಪನಿ ಬದಲಾದರೂ ತೆರಿಗೆ ಇಲಾಖೆಗೆ, ಬ್ಯಾಂಕಿಗೆ ಕೊಟ್ಟ ವಿಳಾಸ ಬದಲಾಗುವುದಿಲ್ಲ. ಡೊಮೈನನ್ನು ನಿಮ್ಮ ಹೆಸರಿನಲ್ಲೇ ನೋಂದಾಯಿಸಿ, ಕೊಡಿಸಿದ ಅಂಗಡಿಯವರ ಹೆಸರಿನಲ್ಲಲ್ಲ. ನವೀಕರಣ ತಪ್ಪಿ ಅದು ಬೇರೆಯವರ ಕೈಗೆ ಹೋದರೆ ನಿಮಗೆ ಬರುವ ಓಟಿಪಿ, ನೋಟಿಸ್‌ಗಳೂ ಅವರ ಕೈಗೆ ಹೋದಂತೆ. ಆದ್ದರಿಂದ ಒಮ್ಮೆಗೇ ಐದಾರು ವರ್ಷಕ್ಕೆ ಹಣ ಕಟ್ಟಿ, ಲಾಗಿನ್ ವಿವರವನ್ನು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿ ಇಡಿ.