ಸ್ಕೀ ಶಿಕ್ಷಕನ ಪರೀಕ್ಷೆ

ಆಸ್ಟ್ರಿಯ ದೇಶದ ಪಶ್ಚಿಮ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ಆರ್ಲ್‌ಬರ್ಗ್ ಎಂಬ ಪ್ರದೇಶವಿದೆ. ಚಳಿಗಾಲದಲ್ಲಿ ಅಲ್ಲಿನ ಇಳಿಜಾರುಗಳೆಲ್ಲ ಹಿಮದಿಂದ ಮುಚ್ಚಿಹೋಗುತ್ತವೆ. ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು ಆ ಹಿಮದ ಮೇಲೆ ಜಾರುವುದನ್ನು ಕಲಿಸುವುದು ಅಲ್ಲಿ ಗೌರವದ ವೃತ್ತಿ. 1907ರಿಂದ ಸೇಂಟ್ ಆಂಟನ್ ಗ್ರಾಮದಲ್ಲಿ ಕಲಿಸತೊಡಗಿದ ಹಾನೆಸ್ ಷ್ನೈಡರ್ ಎಂಬವರು ಈ ಬೋಧನೆಗೆ ಒಂದು ಕ್ರಮವನ್ನು ತಂದರು. ಆದರೆ ಚೆನ್ನಾಗಿ ಜಾರಬಲ್ಲವರೆಲ್ಲರೂ ಶಿಕ್ಷಕರಾಗಲಾರರು. ಶಿಷ್ಯನು ಏಕೆ ಬಿದ್ದನೆಂಬುದನ್ನು ಹೇಳಬಲ್ಲವನೇ ಶಿಕ್ಷಕ. ಆದುದರಿಂದ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕುಳಿತವರು ದೇಹದ ಚಲನೆಯ ನಿಯಮಗಳನ್ನೂ ಅರಿತಿರಬೇಕಾಗುತ್ತದೆ.

ಇಳಿಜಾರಿನ ನೆತ್ತಿಯಲ್ಲಿ ನಿಂತ ಹೊಸಬನನ್ನು ಗಮನಿಸಿರಿ. ಕೆಳಗಿನ ಆಳವನ್ನು ಕಂಡೊಡನೆ ಅವನು ತನಗರಿವಿಲ್ಲದೆಯೇ ಹಿಂದಕ್ಕೆ ವಾಲುತ್ತಾನೆ. ಇದು ಪ್ರಾಣಭಯದಿಂದ ಹುಟ್ಟಿದ ಸಹಜವಾದ ಎಚ್ಚರಿಕೆ. ಹಿಮದ ಮೇಲೆ ಮಾತ್ರ ಈ ಎಚ್ಚರಿಕೆಯೇ ಶತ್ರುವಾಗುತ್ತದೆ. ನೆಟ್ಟಗೆ ನಿಂತ ಮನುಷ್ಯನ ಗುರುತ್ವಕೇಂದ್ರವು ಸುಮಾರಾಗಿ ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ಅವನು ಹಿಂದಕ್ಕೆ ವಾಲಿದರೆ ಅದೂ ಹಿಂದೆ ಸರಿದು, ಭಾರವು ಸ್ಕೀಗಳ ಹಿಂತುದಿಗೆ ಬೀಳುತ್ತದೆ. ಮುಂತುದಿಯ ಹಿಡಿತ ಸಡಿಲಗೊಂಡು, ದಿಕ್ಕನ್ನು ಬದಲಿಸುವುದು ಕಷ್ಟವಾಗುತ್ತದೆ. ವೇಗ ಹೆಚ್ಚುತ್ತದೆ, ವೇಗದೊಡನೆ ಭಯ, ಭಯದೊಡನೆ ಮತ್ತಷ್ಟು ವಾಲು! ಹೀಗೆ ಹಿಂದಕ್ಕೆ ಕುಸಿಯುತ್ತ ಮಂಡಿ ತಿರುಚಿದರೆ ಅದರೊಳಗಿನ ಅಸ್ಥಿಬಂಧವೇ ಹರಿಯಬಹುದು. ಅದು ಗುಣವಾಗಲು ಹಲವು ತಿಂಗಳುಗಳು ಬೇಕು. ಇಂಥವನಿಗೆ 'ಹೆದರಬೇಡ' ಎಂದಷ್ಟೇ ಹೇಳಿದರೆ ಪ್ರಯೋಜನವೇನು? ಪಾದದ ಕೀಲನ್ನು ಮಡಿಸಿ, ಮೊಣಕಾಲಿನ ಕೆಳಗಿನ ಎಲುಬು ಬೂಟಿನ ಮುಂಭಾಗವನ್ನು ಒತ್ತುವಂತೆ ನಿಲ್ಲಲು ಕಲಿಸಬೇಕು. ಆಗ ಗುರುತ್ವಕೇಂದ್ರವು ಮತ್ತೆ ಪಾದಗಳ ಮೇಲಕ್ಕೆ ಬರುತ್ತದೆ.

ತಿರುವಿನಲ್ಲಿ ಎದುರಾಗುವ ತೊಡಕು ಬೇರೆ. ಅಲ್ಲಿ ಹೆಚ್ಚಿನ ಭಾರವನ್ನು ಹೊರಬದಿಯ ಸ್ಕೀ ಹೊರಬೇಕು. ಅದರ ಒಳ ಅಂಚು ಹಿಮವನ್ನು ಕಚ್ಚಿ ಹಿಡಿಯಬೇಕು. ಅಂಜಿದವನು ಇಡೀ ಮೈಯನ್ನು ಬೆಟ್ಟದ ಕಡೆಗೆ ವಾಲಿಸುತ್ತಾನೆ. ಭಾರವು ಒಳಬದಿಯ ಸ್ಕೀಗೆ ಹೋಗಿ, ಹೊರಬದಿಯದು ಜಾರಿಬಿಡುತ್ತದೆ. ಕಾಲುಗಳು ಮಾತ್ರ ಒಳಕ್ಕೆ ವಾಲಿ, ಸೊಂಟದಿಂದ ಮೇಲಿನ ಭಾಗವು ಹೊರಕ್ಕೆ ಬಾಗಬೇಕು. ತಿರುಗಬೇಕಾದುದು ಭುಜಗಳಲ್ಲ, ಸೊಂಟದ ಕೀಲಿನಲ್ಲಿ ತೊಡೆಯ ಎಲುಬು. ಸೇಂಟ್ ಕ್ರಿಸ್ಟೋಫ್‌ನಲ್ಲಿ ಶಿಕ್ಷಕರನ್ನು ತರಬೇತುಗೊಳಿಸುತ್ತಿದ್ದ ಸ್ಟೆಫಾನ್ ಕ್ರುಕೆನ್‌ಹೌಸರ್ ಒಳ್ಳೆಯ ಛಾಯಾಗ್ರಾಹಕರೂ ಆಗಿದ್ದರು. ಮೇಲ್ಮೈ ನಿಶ್ಚಲವಾಗಿದ್ದು ಕಾಲುಗಳಷ್ಟೇ ತಿರುಗುವ ಈ ಬಗೆಯನ್ನು ಅವರು 1950ರ ದಶಕದಲ್ಲಿ ಪ್ರಚಾರಕ್ಕೆ ತಂದರು.

ನುರಿತ ಪರೀಕ್ಷಾರ್ಥಿಯು ಬಿದ್ದವನನ್ನು ಎಬ್ಬಿಸಿದ ಮೇಲೆ ಹಿಂತಿರುಗಿ ಹಿಮದ ಕಡೆಗೆ ನೋಡುತ್ತಾನೆ. ಹೊರಬದಿಯ ಸ್ಕೀ ಬಿಟ್ಟುಹೋದ ಗೆರೆಯು ತೆಳ್ಳಗೆ, ಆಳವಾಗಿದ್ದರೆ ಅಂಚು ಹಿಡಿದಿತ್ತು. ಅಗಲವಾಗಿ ಕೆರೆದಂತಿದ್ದರೆ ಅಲ್ಲಿಂದಲೇ ಜಾರತೊಡಗಿತ್ತು.