ಪಂಪುಮನೆಯ ಬೋರ್ಡಿಗೆ ಲಿನಕ್ಸ್ ಇಮೇಜನ್ನು ಸಿದ್ಧಪಡಿಸುವ ಕ್ರಮ

ಬಾವಿಯ ನೀರಿನ ಮಟ್ಟವನ್ನೂ ಮಣ್ಣಿನ ತೇವವನ್ನೂ ಅಳೆದು, ಪಂಪನ್ನು ತಾನಾಗಿಯೇ ನಡೆಸಿ ನಿಲ್ಲಿಸತಕ್ಕ ಸಣ್ಣ ಕಂಪ್ಯೂಟರ್ ಬೋರ್ಡುಗಳು ಈಗ ದೊರೆಯುತ್ತವೆ. ಇಂತಹ ಬೋರ್ಡು ಕೆಲಸಮಾಡುವುದು ಅದರ ಮೆಮೊರಿ ಕಾರ್ಡಿನಲ್ಲಿ ಬರೆದಿರುವ ಇಮೇಜಿನಿಂದ. ಬೋರ್ಡು ಎಚ್ಚರಗೊಳ್ಳುವುದಕ್ಕೂ ದುಡಿಯುವುದಕ್ಕೂ ಬೇಕಾದ ಸಕಲ ಪ್ರೋಗ್ರಾಮುಗಳನ್ನೂ ಒಳಗೊಂಡ ಕಡತಕ್ಕೆ ಇಮೇಜೆಂದು ಹೆಸರು. ಕಾರ್ಡಿಗೆ ಬರವಣಿಗೆ ನಡೆಯುತ್ತಿರುವಾಗ ವಿದ್ಯುತ್ತು ನಿಂತುಹೋದರೆ ಕಡತಗಳು ಕೆಟ್ಟು, ಬೋರ್ಡು ಮತ್ತೆ ಏಳದೆ, ಪೈರಿಗೆ ನೀರು ತಪ್ಪುವ ಸಂಭವವುಂಟು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಅರಿತಿರುವುದು ಯುಕ್ತ.

ಉದಾಹರಣೆಗೆ, 2013ರಲ್ಲಿ ಹೊರಬಂದ ಬೀಗಲ್‌ಬೋನ್ ಬ್ಲಾಕ್ ಎಂಬ ಬೋರ್ಡನ್ನು ತೆಗೆದುಕೊಳ್ಳೋಣ. ಇದರಲ್ಲಿ 512 ಮೆಗಾಬೈಟು ಮೆಮೊರಿಯಿರುವುದು. 5 ವೋಲ್ಟಿನಲ್ಲಿ ನಡೆಯುವುದು. ಬೋರ್ಡಿನೊಡನೆ ಬರುವ ಸಾಮಾನ್ಯ ಇಮೇಜಿನಲ್ಲಿ ಪಂಪುಮನೆಗೆ ಬೇಡವಾದ ಪ್ರೋಗ್ರಾಮುಗಳು ಬಹಳ. ಬಿಲ್ಡ್‌ರೂಟ್ ಎಂಬ ಉಚಿತ ಸಾಧನದಿಂದ ಬೇಕಾದಷ್ಟನ್ನೇ ಆರಿಸಿ ಇಮೇಜನ್ನು ಕಟ್ಟಬಹುದು.

ಕಟ್ಟುವ ಕ್ರಮ:

1. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ, ಬಿಲ್ಡ್‌ರೂಟಿನ ಫೋಲ್ಡರಿನೊಳಗೆ "ಮೇಕ್ ಬೀಗಲ್‌ಬೋನ್_ಡೆಫ್‌ಕಾನ್ಫಿಗ್" ಎಂಬ ಆಜ್ಞೆಯನ್ನು ಕೊಡತಕ್ಕದ್ದು.

2. "ಮೇಕ್ ಮೆನುಕಾನ್ಫಿಗ್" ಎಂಬುದರಿಂದ ಆಯ್ಕೆಯ ಪಟ್ಟಿಯನ್ನು ತೆರೆದು, ಬೇಕಾದ ಪ್ರೋಗ್ರಾಮುಗಳನ್ನು ಗುರುತಿಸತಕ್ಕದ್ದು. ಮೂಲ ಕಡತವ್ಯವಸ್ಥೆಯು ಓದುವುದಕ್ಕೆ ಮಾತ್ರ ತೆರೆದಿರುವಂತೆ ಇಲ್ಲಿಯೇ ಏರ್ಪಡಿಸತಕ್ಕದ್ದು. ಹೀಗೆ ಮಾಡಿದರೆ ವಿದ್ಯುತ್ತು ಹೋದಾಗ ಕಡತಗಳು ಕೆಡುವ ಭಯವು ಬಹುಮಟ್ಟಿಗೆ ತಪ್ಪುವುದು. ಅಳತೆಯ ಲೆಕ್ಕಗಳನ್ನು ಬರೆಯಲು ಬೇರೊಂದು ವಿಭಾಗವನ್ನು ಇಡತಕ್ಕದ್ದು.

3. "ಮೇಕ್" ಎಂದು ಆಜ್ಞಾಪಿಸಿದರೆ ಎಲ್ಲವೂ ಮೂಲದಿಂದ ಸಿದ್ಧವಾಗುವುದು. ಮೊದಲ ಸಲ ಹೆಚ್ಚು ಹೊತ್ತು ಹಿಡಿಯುವುದು. ಕೊನೆಗೆ ದೊರೆಯುವ ಇಮೇಜನ್ನು ಕಾರ್ಡಿಗೆ ಬರೆಯತಕ್ಕದ್ದು.

ಬೋರ್ಡಿನ ಎಸ್2 ಗುಂಡಿಯನ್ನು ಒತ್ತಿ ಹಿಡಿದೇ ವಿದ್ಯುತ್ತನ್ನು ಕೊಟ್ಟರೆ, ಒಳಗಿನ ಸಂಗ್ರಹವನ್ನು ಬಿಟ್ಟು ಕಾರ್ಡಿನಿಂದಲೇ ಏಳುವುದು. ಏಳುವ ಕ್ರಮವು ಮೆಟ್ಟಿಲು ಮೆಟ್ಟಿಲಾಗಿದೆ. ಚಿಪ್ಪಿನೊಳಗಿನ ಸ್ಥಿರ ಪ್ರೋಗ್ರಾಮು "ಎಂಎಲ್‌ಒ" ಎಂಬ ಚಿಕ್ಕ ಕಡತವನ್ನು ಓದುವುದು. ಅದು ಮುಖ್ಯ ಮೆಮೊರಿಯನ್ನು ಸಿದ್ಧಗೊಳಿಸಿ ಯು-ಬೂಟನ್ನು ಕರೆಯುವುದು. ಯು-ಬೂಟು ಲಿನಕ್ಸ್ ಕರ್ನೆಲನ್ನೂ, ಬೋರ್ಡಿನ ಭಾಗಗಳ ವಿವರವಿರುವ ಡಿವೈಸ್ ಟ್ರೀಯನ್ನೂ ತರುವುದು. ಕರ್ನೆಲು ಮೂಲ ಕಡತವ್ಯವಸ್ಥೆಯನ್ನು ತೆರೆಯುವುದು.

ಏಳದಿದ್ದರೆ ದೋಷವು ಯಾವ ಮೆಟ್ಟಿಲಿನಲ್ಲಿದೆಯೆಂಬುದನ್ನು ಸೀರಿಯಲ್ ತಂತಿಯಿಂದ, 115200 ವೇಗದಲ್ಲಿ, ನೋಡಬಹುದು. ಸಿ ಅಕ್ಷರವೊಂದೇ ಮತ್ತೆ ಮತ್ತೆ ಬರುತ್ತಿದ್ದರೆ ಏಳಲು ತಕ್ಕ ಕಡತವು ಸಿಕ್ಕಿಲ್ಲವೆಂದು ತಿಳಿಯತಕ್ಕದ್ದು. "ಸ್ಟಾರ್ಟಿಂಗ್ ಕರ್ನೆಲ್" ಎಂಬಲ್ಲಿಗೆ ನಿಂತರೆ ಡಿವೈಸ್ ಟ್ರೀಯನ್ನೂ ಕನ್ಸೋಲಿನ ಹೆಸರನ್ನೂ ಪರೀಕ್ಷಿಸತಕ್ಕದ್ದು. ಮೂಲ ಕಡತವ್ಯವಸ್ಥೆಯನ್ನು ತೆರೆಯಲಾಗಲಿಲ್ಲವೆಂದು ಕರ್ನೆಲು ತಿಳಿಸಿದರೆ ಕಾರ್ಡಿನ ವಿಭಾಗಗಳನ್ನು ನೋಡತಕ್ಕದ್ದು. ಸೀರಿಯಲ್ ತಂತಿಯು 3.3 ವೋಲ್ಟಿನದೇ ಆಗಿರಬೇಕು; ಹೆಚ್ಚಾದರೆ ಬೋರ್ಡು ಸುಟ್ಟುಹೋಗಬಹುದು. ಪಂಪಿನ ಸ್ಟಾರ್ಟರನ್ನು ಬೋರ್ಡಿನ ಪಿನ್ನುಗಳಿಗೆ ನೇರವಾಗಿ ಎಂದಿಗೂ ಜೋಡಿಸಬಾರದು. ನಡುವೆ ತಕ್ಕ ರಿಲೇ ಇರಲೇಬೇಕು.

ಬೋರ್ಡನ್ನು ಪಂಪುಮನೆಯಲ್ಲಿ ಕೂಡಿಸುವ ಮುನ್ನ, ಅದು ನಡೆಯುತ್ತಿರುವಾಗಲೇ ವಿದ್ಯುತ್ತನ್ನು ಹತ್ತಾರು ಸಲ ಕಡಿದು, ಪ್ರತಿಸಲವೂ ತಾನಾಗಿ ಏಳುವುದೇ ಎಂದು ನೋಡಿಕೊಳ್ಳತಕ್ಕದ್ದು.

ಕೊನೆಯದಾಗಿ ಮುಖ್ಯವಾದ ಮಾತೊಂದುಂಟು. ಬೋರ್ಡನ್ನು ಕೂಡಿಸಿಕೊಟ್ಟವರು ಹೊರಟುಹೋದ ಮೇಲೆ ಕಾರ್ಡು ಕೆಟ್ಟರೆ, ಇಮೇಜನ್ನು ಮತ್ತೆ ಕಟ್ಟುವ ಬಗೆ ತಿಳಿಯದೆ ಬೋರ್ಡೇ ನಿಷ್ಪ್ರಯೋಜಕವಾಗುವುದು. ಹಣವನ್ನು ಪೂರ್ಣವಾಗಿ ಸಲ್ಲಿಸುವುದಕ್ಕೆ ಮುಂಚೆ ಆಯ್ಕೆಯ ಪಟ್ಟಿಯ ಕಡತ, ಬಿಲ್ಡ್‌ರೂಟಿನ ಆವೃತ್ತಿಯ ಹೆಸರು, ಇಳಿಸಿಕೊಂಡ ಮೂಲ ಕಡತಗಳು, ಬರೆದಿಟ್ಟ ಇನ್ನೊಂದು ಕಾರ್ಡು, ಈ ನಾಲ್ಕನ್ನೂ ಕೇಳಿ ಪಡೆಯತಕ್ಕದ್ದು. ಮುಂದಿನ ಬಿತ್ತನೆಗೆಂದು ಬೀಜವನ್ನು ತೆಗೆದಿಡುವ ರೈತನಿಗೆ ಇದರ ಅಗತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.