ಗಾಳದ ಕೃತಕ ಹುಳು: ಮೃದುತ್ವವೂ ಬಾಳಿಕೆಯೂ

ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆಯ ಮೇಲೆ, ಸವದತ್ತಿ ತಾಲ್ಲೂಕಿನಲ್ಲಿ, ಮುನವಳ್ಳಿ ಎಂಬ ಊರಿದೆ. ನವಿಲುತೀರ್ಥದ ಅಣೆಕಟ್ಟು ಇಲ್ಲಿಗೆ ಸಮೀಪ. ಹೊಳೆಯ ನೀರು ಇಳಿದು ತಿಳಿಯಾದ ದಿನಗಳಲ್ಲಿ ಹುಡುಗರು ಬಚ್ಚಲ ನೀರು ಹರಿಯುವ ತೇವದ ಮಣ್ಣನ್ನು ಕೆದಕಿ, ಎರೆಹುಳುಗಳನ್ನು ಕೂಡಿಸಿ, ಗಾಳಕ್ಕೆ ಪೋಣಿಸಿಕೊಂಡು ದಂಡೆಯಲ್ಲಿ ಕುಳಿತಿರುವುದನ್ನು ಇಲ್ಲಿ ಯಾರೂ ಕಾಣಬಹುದು. ಎರೆಹುಳುವಿಗಿಂತ ಉತ್ತಮವಾದ ಎರೆಯನ್ನು ಮನುಷ್ಯನು ಇನ್ನೂ ಕಂಡುಹಿಡಿದಿಲ್ಲವೆಂದೇ ಹೇಳಬಹುದು. ಆದರೆ ಅದಕ್ಕೆ ಎರಡು ಕೊರತೆಗಳಿವೆ. ಚಿಕ್ಕ ಮೀನುಗಳು ಅದನ್ನು ಚೂರುಚೂರಾಗಿ ಕಚ್ಚಿಕೊಂಡು ಹೋಗಿ ಬರಿಯ ಕೊಕ್ಕೆಯನ್ನು ಉಳಿಸುತ್ತವೆ. ಬೇಸಿಗೆಯಲ್ಲಿ ಎರೆಭೂಮಿ ಬಿರಿದು ಒಣಗಿದಾಗ ಹುಳು ಸಿಕ್ಕುವುದೇ ದುರ್ಲಭ. ಹೀಗಾಗಿ ಈಚೆಗೆ ಪೊಟ್ಟಣಗಳಲ್ಲಿ ಬರುವ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳನ್ನು ತರಿಸಿಕೊಳ್ಳುವ ಉತ್ಸಾಹಿಗಳೂ ಇದ್ದಾರೆ. ಅವರಲ್ಲಿ ಕೆಲವರು, ಎರಡು ಮೀನು ಕಚ್ಚುವಷ್ಟರಲ್ಲಿ ಹುಳು ಹರಿದುಹೋಯಿತೆಂದು ದೂರುತ್ತಾರೆ. ಇನ್ನು ಕೆಲವರು, ತಮ್ಮ ಹುಳು ಹರಿಯಲಿಲ್ಲ ನಿಜ, ಆದರೆ ನೀರಿನಲ್ಲಿ ಮುಳುಗಲೂ ಇಲ್ಲ ಎನ್ನುತ್ತಾರೆ. ಈ ಎರಡು ದೂರುಗಳ ಮೂಲ ಒಂದೇ ಕಡೆ ಇದೆ. ಅದನ್ನು ತಿಳಿದುಕೊಂಡರೆ ಹುಳುವನ್ನು ಆರಿಸುವುದು ಸುಲಭವಾಗುವುದಲ್ಲದೆ, ಪದಾರ್ಥಗಳ ಗುಣಗಳನ್ನು ಕುರಿತ ಒಂದು ಒಳ್ಳೆಯ ಪಾಠವೂ ದೊರೆಯುತ್ತದೆ.

ಈ ಹುಳುಗಳ ಜನ್ಮಸ್ಥಾನ ಅಮೆರಿಕ. ಅಲ್ಲಿಯ ಸಿಹಿನೀರಿನ ಕೆರೆಗಳಲ್ಲಿ ಬಾಸ್ ಎಂಬ ಅಗಲ ಬಾಯಿಯ ಬೇಟೆಗಾರ ಮೀನಿದೆ. ಅದು ಕಳೆಗಳ ಮರೆಯಲ್ಲಿ ಹೊಂಚುಹಾಕಿ ನಿಂತು, ಎರೆ ಹತ್ತಿರ ಬಂದೊಡನೆ ಬಾಯನ್ನು ಥಟ್ಟನೆ ತೆರೆದು, ನೀರಿನೊಡನೆ ಅದನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೀರಿಕೊಂಡದ್ದು ಮರದಂತೆ ಗಟ್ಟಿಯಾಗಿದ್ದರೆ ಕೂಡಲೇ ಉಗುಳುತ್ತದೆ. ಮೆತ್ತಗಿದ್ದರೆ ಇನ್ನಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುತ್ತದೆ. ಗಾಳಗಾರನಿಗೆ ಬೇಕಾದುದು ಆ ಇನ್ನಷ್ಟು ಹೊತ್ತು. ೧೯೪೯ರಲ್ಲಿ ಒಹಾಯೊ ಪ್ರಾಂತದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬವನು ಈ ಉದ್ದೇಶದಿಂದ ಮೊದಲ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಅಚ್ಚುಹೊಯ್ದನು. ಆಕ್ರನ್ ರಬ್ಬರು ಕಾರಖಾನೆಗಳ ಊರು. ಅದೇ ಊರಿನ ಗುಡ್‌ರಿಚ್ ಕಂಪನಿಯಲ್ಲಿ ೧೯೨೬ರಲ್ಲಿ ವಾಲ್ಡೊ ಸೆಮನ್ ಎಂಬ ರಸಾಯನಜ್ಞನು ರಬ್ಬರನ್ನು ಲೋಹಕ್ಕೆ ಅಂಟಿಸುವ ಪದಾರ್ಥವೊಂದನ್ನು ಹುಡುಕುತ್ತಿದ್ದನು. ಪಾಲಿವಿನೈಲ್ ಕ್ಲೋರೈಡ್ ಎಂಬ ಬಿರುಸಾದ ವಸ್ತುವನ್ನು ಆತನು ಹೆಚ್ಚಿನ ಉಷ್ಣತೆಯಲ್ಲಿ ಕುದಿಯುವ ದ್ರಾವಕದಲ್ಲಿ ಕಾಯಿಸಿದಾಗ ಅಂಟು ದೊರೆಯಲಿಲ್ಲ. ಬದಲಾಗಿ ರಬ್ಬರಿನಂತೆ ಬಳುಕುವ ಪದಾರ್ಥ ದೊರೆಯಿತು. ನಮ್ಮ ಮನೆಗಳ ವಿದ್ಯುತ್ ತಂತಿಯ ಹೊದಿಕೆಯೂ ಗಾಳದ ಹುಳುವೂ ಆ ಕುದಿಯುವ ಪಾತ್ರೆಯಿಂದಲೇ ಹೊರಬಂದ ಒಡಹುಟ್ಟುಗಳು. ಮುಂದೆ ೧೯೯೦ರ ದಶಕದಲ್ಲಿ ಗ್ಯಾರಿ ಯಾಮಾಮೊಟೊ ಎಂಬವರ ಕಂಪನಿಯು ಸೆಂಕೊ ಎಂಬ ಹೆಸರಿನಲ್ಲಿ ಬಾಲವಿಲ್ಲದ, ಕಾಲಿಲ್ಲದ, ಬರಿಯ ಕಡ್ಡಿಯಂತಹ ಹುಳುವನ್ನು ಮಾರುಕಟ್ಟೆಗೆ ತಂದಿತು. ಈ ಬಗೆಯದನ್ನು ನಾವು ಕಡ್ಡಿಹುಳು ಎಂದು ಕರೆಯೋಣ. ನೋಡಲು ಇದರಲ್ಲಿ ಏನೂ ಇಲ್ಲ. ನೀರಿನಲ್ಲಿ ಬಿಟ್ಟರೆ ಮಾತ್ರ ಎರಡು ತುದಿಗಳನ್ನೂ ನಡುಗಿಸುತ್ತ ಅಡ್ಡಡ್ಡಲಾಗಿ ಇಳಿಯುತ್ತದೆ.

ಬಿರುಸಾದ ವಸ್ತು ಮೆತ್ತಗಾದುದು ಹೇಗೆ? ಪಾಲಿವಿನೈಲ್ ಕ್ಲೋರೈಡಿನ ಅಣುಗಳು ಉದ್ದವಾದ ಸರಪಳಿಗಳು. ಅವು ಒಂದನ್ನೊಂದು ವಿದ್ಯುದಾಕರ್ಷಣೆಯಿಂದ ಹಿಡಿದುಕೊಂಡಿರುವುದರಿಂದ ವಸ್ತುವು ಬಾಗದು. ನಡುವೆ ಎಣ್ಣೆಯಂತಹ ಒಂದು ದ್ರವವನ್ನು ಸೇರಿಸಿದರೆ ಆ ದ್ರವದ ಅಣುಗಳು ಸರಪಳಿಗಳ ಮಧ್ಯೆ ನುಸುಳಿ ಅವನ್ನು ದೂರ ಸರಿಸುತ್ತವೆ. ಆಗ ಸರಪಳಿಗಳು ಒಂದರ ಮೇಲೊಂದು ಜಾರಬಲ್ಲವು. ಇಂತಹ ದ್ರವವನ್ನು ಮೃದುಕಾರಿ ಎನ್ನಬಹುದು. ಗಾಳದ ಹುಳುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ದ್ರವವೇ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಬೆರಳಿಗೆ ಜಿಡ್ಡಾಗಿ ತಗಲುವುದು ಅದೇ. ಮೃದುಕಾರಿ ಹೆಚ್ಚಿದಷ್ಟೂ ಹುಳು ಹೆಚ್ಚು ಬಳುಕುತ್ತದೆ. ಆದರೆ ಭಾರವನ್ನು ಹೊರುವ ಸರಪಳಿಗಳು ಒಂದು ಚದರ ಸೆಂಟಿಮೀಟರಿಗೆ ಅಷ್ಟೇ ಕಡಿಮೆಯಾಗುತ್ತವೆ. ಇದು ಮೊದಲನೆಯ ತೊಡಕು.

ಎರಡನೆಯದು ಉಪ್ಪಿನಿಂದ ಬರುತ್ತದೆ. ಶುದ್ಧ ಪಾಲಿವಿನೈಲ್ ಕ್ಲೋರೈಡಿನ ಸಾಂದ್ರತೆ ಸುಮಾರು ೧.೪, ಮೃದುಕಾರಿಯದು ೧ಕ್ಕಿಂತ ತುಸು ಕಡಿಮೆ. ಐದರಲ್ಲಿ ನಾಲ್ಕು ಪಾಲು ಮೃದುಕಾರಿ ಇರುವ ಹುಳುವನ್ನು ಲೆಕ್ಕಕ್ಕೆ ಹಿಡಿದರೆ ಅದರ ಸಾಂದ್ರತೆ ೧.೦೫ರಷ್ಟು ಬರುತ್ತದೆ. ಅಂದರೆ ಅದು ನೀರಿಗಿಂತ ಕೊಂಚ ಮಾತ್ರ ಭಾರ; ಬಹಳ ನಿಧಾನವಾಗಿ ಮುಳುಗುತ್ತದೆ. ಬೇಗ ಮುಳುಗಲೆಂದು ತಯಾರಕರು ಅಚ್ಚುಹೊಯ್ಯುವ ಮೊದಲು ನುಣ್ಣಗಿನ ಉಪ್ಪನ್ನು ಕಲಸುತ್ತಾರೆ. ಉಪ್ಪಿನ ಸಾಂದ್ರತೆ ೨.೧೭. ಒಟ್ಟು ತೂಕದ ಐದನೆಯ ಒಂದು ಪಾಲು ಉಪ್ಪಾದರೆ ಹುಳುವಿನ ಸಾಂದ್ರತೆ ೧.೧೭ಕ್ಕೆ ಏರುತ್ತದೆ. ೧.೦೫ ಮತ್ತು ೧.೧೭ ಇವುಗಳೊಳಗಿನ ಭೇದ ಅತ್ಯಲ್ಪವೆಂದು ತೋರಬಹುದು. ಆದರೆ ಆರ್ಕಿಮಿಡೀಸನ ನಿಯಮವನ್ನು ಮರೆಯಬಾರದು. ಹನ್ನೆರಡೂವರೆ ಸೆಂಟಿಮೀಟರು ಉದ್ದದ, ೯ ಘನ ಸೆಂಟಿಮೀಟರು ಗಾತ್ರದ ಕಡ್ಡಿಹುಳುವಿನ ಮೇಲೆ ನೀರಿನ ಎತ್ತುವಿಕೆ ಎರಡೂ ಸಂದರ್ಭಗಳಲ್ಲಿ ೯ ಗ್ರಾಂ ತೂಕದಷ್ಟೇ. ಉಪ್ಪಿಲ್ಲದ ಹುಳು ಗಾಳಿಯಲ್ಲಿ ೯.೪೫ ಗ್ರಾಂ ತೂಗಿದರೆ ನೀರಿನಲ್ಲಿ ೦.೪೫ ಗ್ರಾಂ ಮಾತ್ರ ತೂಗುತ್ತದೆ. ಉಪ್ಪಿನ ಹುಳು ೧.೫೩ ಗ್ರಾಂ ತೂಗುತ್ತದೆ. ಕೆಳಕ್ಕೆ ಎಳೆಯುವ ಬಲ ಮೂರುಪಟ್ಟಿಗೂ ಮಿಗಿಲಾಯಿತು. ಈ ಗಾತ್ರದ ವಸ್ತುವಿಗೆ ನೀರಿನ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ವೇಗವು ಸುಮಾರು ಎರಡು ಪಟ್ಟಾಗುತ್ತದೆ. ಕೊಕ್ಕೆಯ ಭಾರವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಮೀಟರು ಆಳಕ್ಕೆ ಇಳಿಯಲು ಉಪ್ಪಿಲ್ಲದ ಹುಳುವಿಗೆ ೧೨ ಸೆಕೆಂಡು, ಉಪ್ಪಿನ ಹುಳುವಿಗೆ ೬ ಅಥವಾ ೭ ಸೆಕೆಂಡು ಬೇಕಾಗುತ್ತದೆ. ಆಳವಾದ ಹಂಡೆಯೂ ಸೆಕೆಂಡಿನ ಮುಳ್ಳುಳ್ಳ ಗಡಿಯಾರವೂ ಇದ್ದವರು ಇದನ್ನು ಪರೀಕ್ಷಿಸಿ ನೋಡಬಹುದು.

ತುದಿಗಳ ನಡುಕಕ್ಕೂ ಇದಕ್ಕೂ ಸಂಬಂಧವಿದೆ. ಹೊಳೆಯ ಸೆಳವಿನಲ್ಲಿ ನೆಟ್ಟ ಗಳದ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಬಿಚ್ಚಿಕೊಂಡು ಹೋಗುವುದನ್ನು ನೋಡಿದವರು ಬಹಳ. ಇಳಿಯುತ್ತಿರುವ ಕಡ್ಡಿಹುಳುವಿನ ಹಿಂದೆಯೂ ಹಾಗೆಯೇ ಸುಳಿಗಳು ಬಿಚ್ಚಿಕೊಳ್ಳುತ್ತವೆ. ಒಂದು ಸೆಂಟಿಮೀಟರು ದಪ್ಪದ ಗಟ್ಟಿ ಕಡ್ಡಿಯೊಂದು ಸೆಕೆಂಡಿಗೆ ೧೫ ಸೆಂಟಿಮೀಟರು ವೇಗದಲ್ಲಿ ಇಳಿದರೆ ಅದರ ಹಿಂದೆ ಸೆಕೆಂಡಿಗೆ ಸುಮಾರು ಮೂರು ಜೊತೆ ಸುಳಿಗಳು ಏಳುತ್ತವೆ. ಅಷ್ಟು ಅಲ್ಪವಾದ ತಳ್ಳುವಿಕೆಗೂ ಬಾಗಿಕೊಡುವಷ್ಟು ಮೈ ಮೆತ್ತಗಿದ್ದರೆ ತುದಿಗಳು ಅಲುಗುತ್ತವೆ. ಆದುದರಿಂದ ಮೃದುತ್ವವೂ ಬೇಕು, ಭಾರವೂ ಬೇಕು. ಈ ಎರಡನ್ನೂ ಕೊಡುವ ಮೃದುಕಾರಿ ಮತ್ತು ಉಪ್ಪು, ಇವೆರಡೂ ಹುಳುವಿನ ಬಾಳಿಕೆಯ ಶತ್ರುಗಳು.

ಮೃದುಕಾರಿಯ ವಿಷಯವನ್ನು ಹೇಳಿದ್ದಾಯಿತು. ಉಪ್ಪು ಹೇಗೆ ಶತ್ರು ಎಂಬುದನ್ನು ಅರಿಯಬೇಕಾದರೆ ವಸ್ತುಗಳು ಹರಿಯುವ ಬಗೆಯನ್ನು ವಿಚಾರಿಸಬೇಕು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಳ್ಳಿರಿ. ಒಂದರ ಅಂಚಿನಲ್ಲಿ ಅಗಲದ ಕಾಲು ಭಾಗದಷ್ಟು ಕತ್ತರಿಯಿಂದ ಕಚ್ಚು ಹಾಕಿರಿ. ಎರಡಕ್ಕೂ ತೂಕಗಳನ್ನು ಒಂದೊಂದಾಗಿ ತೂಗುಹಾಕುತ್ತ ಹೋಗಿರಿ. ಕಾಲು ಭಾಗ ಹೋದುದರಿಂದ ಮುಕ್ಕಾಲು ಭಾರವನ್ನಾದರೂ ಹೊರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಕಚ್ಚು ಬಿದ್ದ ಬ್ಯಾಂಡು ಅದಕ್ಕಿಂತ ಬಹಳ ಮೊದಲೇ ತುಂಡಾಗುತ್ತದೆ. ಕಚ್ಚಿನ ತುದಿಯಲ್ಲಿ ಪೀಡನವು ಗುಂಪುಗೂಡುವುದೇ ಇದರ ಕಾರಣ. ಚಪ್ಪಟೆ ಹಲಗೆಯ ದುಂಡು ರಂಧ್ರದ ಅಂಚಿನಲ್ಲಿ ಪೀಡನವು ದೂರದಲ್ಲಿರುವುದರ ಮೂರುಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ ೧೮೯೮ರಲ್ಲಿ ಗಣಿತದಿಂದ ತೋರಿಸಿದನು. ರಂಧ್ರವು ದುಂಡಾಗಿರದೆ ಚೂಪಾದ ಬಿರುಕಾಗಿದ್ದರೆ ಸ್ಥಿತಿ ಇನ್ನೂ ಕೆಡುತ್ತದೆ. ಬಿರುಕು ಯಾವಾಗ ಬೆಳೆಯುತ್ತದೆಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಗ್ರಿಫಿತ್ ೧೯೨೦ರ ಸುಮಾರಿನಲ್ಲಿ ಗಾಜನ್ನು ಕುರಿತು ಬಿಡಿಸಿದನು: ಹಿಗ್ಗಿದ ವಸ್ತುವಿನಲ್ಲಿ ಕೂಡಿಟ್ಟ ಶಕ್ತಿಯು ಹೊಸ ಮೇಲ್ಮೈಯನ್ನು ತೆರೆಯಲು ಬೇಕಾದ ಶಕ್ತಿಯನ್ನು ಮೀರಿದೊಡನೆ ಬಿರುಕು ಓಡತೊಡಗುತ್ತದೆ. ೧೯೫೩ರಲ್ಲಿ ರಿವ್ಲಿನ್ ಮತ್ತು ಥಾಮಸ್ ಇದೇ ವಿಚಾರವನ್ನು ರಬ್ಬರಿನ ಹರಿಯುವಿಕೆಗೆ ಅನ್ವಯಿಸಿದರು.

ಈಗ ಉಪ್ಪಿನ ಕಣಕ್ಕೆ ಹಿಂದಿರುಗೋಣ. ಅದು ಹಿಗ್ಗದು, ಸುತ್ತಲಿನ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದೂ ಇಲ್ಲ. ಹುಳುವನ್ನು ಎಳೆದೊಡನೆ ಪ್ರತಿಯೊಂದು ಕಣದ ಪಕ್ಕದಲ್ಲಿಯೂ ಒಂದು ಪೊಳ್ಳು ಬಾಯ್ದೆರೆಯುತ್ತದೆ. ಕೊಕ್ಕೆ ಚುಚ್ಚಿದ ರಂಧ್ರದಿಂದ ಹೊರಟ ಬಿರುಕು ಈ ಪೊಳ್ಳಿನಿಂದ ಆ ಪೊಳ್ಳಿಗೆ ಜಿಗಿಯುತ್ತ ಸಾಗುತ್ತದೆ. ಮಾಡಿಟ್ಟ ದಾರಿಯಲ್ಲಿ ನಡೆಯುವುದು ಯಾರಿಗೂ ಸುಲಭವಷ್ಟೆ! ಅಲ್ಲದೆ ಮೇಲ್ಮೈಯ ಉಪ್ಪು ನೀರಿನಲ್ಲಿ ಕರಗಿದ ಮೇಲೆ ಅಲ್ಲಲ್ಲಿ ಗುಳಿಗಳು ಉಳಿದು, ಅವೂ ಹೊಸ ಬಿರುಕುಗಳ ಮೊದಲಾಗುತ್ತವೆ. ಹುಳುವನ್ನು ಕೊಳ್ಳುವಾಗ ನಡುವಿನಲ್ಲಿ ಮಡಿಚಿ ಬೆಳಕಿಗೆ ಹಿಡಿದು ನೋಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಮಡಿಕೆಯ ಹೊರಮೈಯಲ್ಲಿ ದೊಡ್ಡ ದೊಡ್ಡ ಕಣಗಳೂ ಗುಳಿಗಳೂ ಕಂಡರೆ ಅದು ಬೇಗ ಹರಿಯುವುದು. ಕಣಗಳು ನುಣ್ಣಗೆ ಸಮನಾಗಿ ಹರಡಿದ್ದರೆ ಹೆಚ್ಚು ಬಾಳುವುದು. ಎರಡು ಪಟ್ಟು ಹಿಗ್ಗಿಸಿ ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳದ ಹುಳುವನ್ನೂ ಬಿಡುವುದು ಲೇಸು.

ಕಡ್ಡಿಹುಳುವನ್ನು ಬಾಸ್ ಬೇಟೆಗಾರರು ಹೆಚ್ಚಾಗಿ ನಡುವಿಗೆ ಕೊಕ್ಕೆ ಚುಚ್ಚಿ ಎರಡು ತುದಿಗಳೂ ಜೋಲಾಡುವಂತೆ ಬಿಡುತ್ತಾರೆ. ಎಸೆತದ ಜಗ್ಗು, ಮೀನಿನ ಜಗ್ಗು ಎಲ್ಲವೂ ಆ ಒಂದು ತೂತಿನ ಮೇಲೆಯೇ. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹು ಸರಳ: ಹುಳುವಿನ ನಡುವಿಗೆ ಒಂದು ರಬ್ಬರು ಉಂಗುರವನ್ನು ತೊಡಿಸಿ, ಕೊಕ್ಕೆಯನ್ನು ಹುಳುವಿಗೆ ಚುಚ್ಚದೆ ಉಂಗುರದ ಕೆಳಗೆ ತೂರಿಸುವುದು. ಆಗ ತೂತೇ ಇಲ್ಲ. ಬಲವು ಸುತ್ತಳತೆಯ ಮೇಲೆಲ್ಲ ಹಂಚಿಹೋಗುತ್ತದೆ. ಇದಕ್ಕಾಗಿ ಹಣ ಕೊಟ್ಟು ಉಂಗುರ ಕೊಳ್ಳಬೇಕಾಗಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲಿ ಬಿಸಾಡಿದ ತೆಳುವಾದ ರಬ್ಬರು ನಳಿಗೆಯ ತುಂಡು, ಹುಳುವಿನ ದಪ್ಪಕ್ಕಿಂತ ಕೊಂಚ ಕಿರಿದಾದುದು, ಸಿಕ್ಕಿದರೆ ಸಾಕು. ದುಬಾರಿಯಾದ ಹುಳುವಿಗಿಂತ ಈ ಉಂಗುರವೇ ಬಾಳಿಕೆಯನ್ನು ಹೆಚ್ಚು ಬೆಳೆಸುತ್ತದೆಂಬುದು ನಮ್ಮ ಅಭಿಪ್ರಾಯ.

ಹರಿಯದೆ ತೇಲುವ ಹುಳುವಿನ ಜಾತಿಯೇ ಬೇರೆ. ಅದರ ಸರಪಳಿಗಳ ಎರಡು ತುದಿಗಳಲ್ಲಿ ಪಾಲಿಸ್ಟೈರೀನ್, ನಡುವೆ ರಬ್ಬರಿನಂತಹ ಭಾಗ. ಹಲವು ಸರಪಳಿಗಳ ಪಾಲಿಸ್ಟೈರೀನ್ ತುದಿಗಳು ಒಂದೆಡೆ ಸೇರಿ ಗಟ್ಟಿಯಾದ ಸೂಕ್ಷ್ಮ ಗಂಟುಗಳಾಗುತ್ತವೆ. ನಡುಭಾಗವು ಖನಿಜತೈಲವನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಮೃದುತ್ವ ಒಂದು ಭಾಗದ ಕೆಲಸ, ಹಿಡಿತ ಇನ್ನೊಂದು ಭಾಗದ ಕೆಲಸ. ಶೆಲ್ ಕಂಪನಿಯು ೧೯೬೫ರಲ್ಲಿ ಕ್ರೇಟನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದ ಈ ವರ್ಗದ ಪದಾರ್ಥಗಳು ತಮ್ಮ ಉದ್ದದ ಹಲವು ಪಟ್ಟು ಹಿಗ್ಗಿದರೂ ಹರಿಯವು. ಆದರೆ ಅವುಗಳ ಸಾಂದ್ರತೆ ೧ಕ್ಕಿಂತ ಕಡಿಮೆ. ಭಾರ ಸೇರಿಸದಿದ್ದರೆ ತೇಲುತ್ತವೆ.

ಮಲಪ್ರಭೆಯಲ್ಲಿ ಅಮೆರಿಕದ ಬಾಸ್ ಇಲ್ಲ. ಅದರಂತೆ ಹೊಂಚುಹಾಕುವ ನಮ್ಮ ನಾಡಿನ ಮೀನೆಂದರೆ ಕೊರವ. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಉಸಿರಾಡುವ ಮೀನು. ಆಳವಿಲ್ಲದ ಕಳೆ ಬೆಳೆದ ನೀರಿನಲ್ಲಿ ವಾಸ. ಬಾಯಲ್ಲಿ ಚೂಪಾದ ಹಲ್ಲುಗಳಿವೆ. ಬಾಸಿಗೆ ಇರುವುದು ಅರದಂತೆ ಒರಟಾದ ಸಣ್ಣ ಹಲ್ಲುಗಳು ಮಾತ್ರ. ಹೀಗಿರಲು ಬಾಸಿಗಾಗಿ ರೂಪಿಸಿದ ಉಪ್ಪಿನ ಹುಳು ಕೊರವನ ಒಂದೇ ಕಡಿತಕ್ಕೆ ಎರಡು ತುಂಡಾದರೆ ತಯಾರಕನನ್ನು ದೂರಿ ಫಲವಿಲ್ಲ. ಕಳೆಯ ಮೇಲೆ ತೇಲುತ್ತ ಸಾಗುವ, ಹಲ್ಲಿಗೆ ಬಗ್ಗದ ಎರಡನೆಯ ಜಾತಿಯೇ ಇಲ್ಲಿಗೆ ತಕ್ಕುದು. ಅಲ್ಲಿ ದೋಷವೆನಿಸಿದ ತೇಲುವ ಗುಣ ಇಲ್ಲಿ ಪ್ರಯೋಜನಕಾರಿ. ಆಳವಾದ ಮಡುವಿನಲ್ಲಿ ಗಾಳ ಹಾಕುವವರು ಮಾತ್ರ ಉಪ್ಪಿನ ಕಡ್ಡಿಹುಳುವನ್ನು ಉಂಗುರ ಸಹಿತವಾಗಿ ಬಳಸಬಹುದು.

ಬಾಳಿಕೆಯ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾಗದು. ಕೊಕ್ಕೆಯಲ್ಲಿ ಬಾಳುವ ವಸ್ತು ಹೊಳೆಯ ತಳದಲ್ಲಿಯೂ ಬಾಳುತ್ತದೆ. ಎರೆಹುಳುವಿನ ತುಂಡು ಕೆಲವು ದಿನಗಳಲ್ಲಿ ಕೊಳೆತು ಮಾಯವಾಗುವುದು. ಪ್ಲಾಸ್ಟಿಕ್ಕಿನ ತುಂಡು ಹಾಗಾಗದು. ಅಮೆರಿಕದ ಮೇನ್ ಪ್ರಾಂತದ ಟ್ರೌಟ್ ಮೀನುಗಳನ್ನು ಕುರಿತು ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀರಿಗೆ ಹಾಕಿದ ಮೆತ್ತನೆಯ ಪ್ಲಾಸ್ಟಿಕ್ ಎರೆಗಳನ್ನು ಮೀನುಗಳು ತಾವಾಗಿಯೇ ನುಂಗಿದುವು. ನುಂಗಿದವು ಆಹಾರವನ್ನು ಬಿಟ್ಟು ತೂಕದಲ್ಲಿ ಇಳಿದುವು. ಇದಲ್ಲದೆ ಮೃದುಕಾರಿಯು ಸರಪಳಿಗಳಿಗೆ ಕಟ್ಟಿಕೊಂಡಿಲ್ಲವಾದುದರಿಂದ ಮೆಲ್ಲಮೆಲ್ಲನೆ ಹೊರಕ್ಕೆ ಜಿನುಗುತ್ತಿರುತ್ತದೆ. ಥ್ಯಾಲೇಟ್ ವರ್ಗದ ಕೆಲವು ಮೃದುಕಾರಿಗಳನ್ನು ಮಕ್ಕಳ ಆಟಿಕೆಗಳಲ್ಲಿ ಬಳಸದಂತೆ ಯುರೋಪಿಯನ್ ಒಕ್ಕೂಟವು ೨೦೦೫ರ ನಿರ್ದೇಶದಿಂದ ನಿರ್ಬಂಧಿಸಿತು. ಥ್ಯಾಲೇಟ್ ಇಲ್ಲವೆಂದು ಮುದ್ರಿಸಿದ ಪೊಟ್ಟಣವು ಸಿಕ್ಕುವುದಾದರೆ ಅದನ್ನೇ ಕೊಳ್ಳತಕ್ಕದ್ದು. ಹುಬ್ಬಳ್ಳಿ–ಧಾರವಾಡದ ಜನ ಕುಡಿಯುವ ನೀರು ಮಲಪ್ರಭೆಯ ಜಲಾಶಯದಿಂದ ಹೋಗುತ್ತದೆ. ಹರಿದ ಹುಳುವಿನ ಚೂರನ್ನು ದಂಡೆಯಲ್ಲಿ ಎಸೆಯದೆ ಜೇಬಿನಲ್ಲಿ ಹಾಕಿಕೊಂಡು ಬರುವುದು ಕಷ್ಟದ ಕೆಲಸವೇನಲ್ಲ. ಆದರೆ ಆ ಚೂರುಗಳನ್ನು ಒಲೆಯ ಮೇಲೆ ಕರಗಿಸಿ ಮತ್ತೆ ಹುಳು ಮಾಡುವ ಸಾಹಸಕ್ಕೆ ವಿದ್ಯಾರ್ಥಿಗಳು ಹೋಗಬಾರದು. ಸೀದ ಪಾಲಿವಿನೈಲ್ ಕ್ಲೋರೈಡಿನಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರು ಕಟ್ಟಿಸುವ ಅನಿಲ ಹೊರಡುತ್ತದೆ.

ಹುಳುಗಳನ್ನು ಇಡುವ ವಿಷಯದಲ್ಲಿ ಒಂದು ಎಚ್ಚರಿಕೆ ಉಳಿದಿದೆ. ಮೇಲೆ ಹೇಳಿದ ಎರಡು ಜಾತಿಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ಅವು ಅಂಟಂಟಾದ ಮುದ್ದೆಯಾಗುತ್ತವೆ. ಮೊದಲನೆಯದರಿಂದ ಜಿನುಗಿದ ಮೃದುಕಾರಿಯು ಎರಡನೆಯದರ ಪಾಲಿಸ್ಟೈರೀನ್ ಗಂಟುಗಳನ್ನು ಹೊಕ್ಕು ಸಡಿಲಿಸುವುದೇ ಇದಕ್ಕೆ ಕಾರಣ. ಇದನ್ನು ನಂಬದವರು ತಮ್ಮ ಕಂಪಾಸ್ ಪೆಟ್ಟಿಗೆಯನ್ನು ತೆರೆದು ನೋಡಲಿ. ಬೇಸಿಗೆಯ ರಜೆಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಅಳಿಸುವ ರಬ್ಬರು ಪ್ಲಾಸ್ಟಿಕ್ ಅಳತೆಪಟ್ಟಿಗೆ ಅಂಟಿಕೊಂಡು, ಬಿಡಿಸಿದಾಗ ಪಟ್ಟಿಯ ಮೇಲೆ ಅಂಕೆಗಳು ಅಳಿಸಿಹೋದ ತಗ್ಗೊಂದು ಉಳಿದಿರುವುದುಂಟು. ಆ ರಬ್ಬರು ಹೆಸರಿಗೆ ಮಾತ್ರ ರಬ್ಬರು. ಅನೇಕ ವೇಳೆ ಅದೂ ಮೃದುಕಾರಿ ತುಂಬಿದ ಪಾಲಿವಿನೈಲ್ ಕ್ಲೋರೈಡೇ.